ಅಡುಗೆ ಕಟ್ಟೆ ನೀರು ಕುಡಿದಾಗ

ರಾತ್ರಿ ಪಾತ್ರೆ ತೊಳೆದು ಕಟ್ಟೆ ಒರೆಸುತ್ತಿದ್ದೆ. ಬಟ್ಟೆ ಒಂದು ಕಡೆ ತಡೆದಂತಾಯಿತು. ಸಿಂಕ್‌ನ ಮುಂದೆ, ನಾನು ದಿನಾ ನಿಲ್ಲುವ ಜಾಗದಲ್ಲೇ, ಕಟ್ಟೆಯ ಹಲಗೆಗೆ ಮೇಲಿನಿಂದ ಅಂಟಿಸಿದ ತೆಳು ಹಾಳೆ, ಅಂದರೆ ಲ್ಯಾಮಿನೇಟ್, ಒಂದಿಷ್ಟು ಉಬ್ಬಿತ್ತು. ಕಣ್ಣಿಗೆ ಕಾಣುವಷ್ಟಲ್ಲ, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಏನೋ ಅಂಟಿಕೊಂಡಿದೆ ಅಂದುಕೊಂಡು ಉಗುರಿನಿಂದ ಕೆರೆದೆ. ಹೋಗಲಿಲ್ಲ. ಅದು ಒಳಗಿನಿಂದ ಎದ್ದ ಉಬ್ಬು.

ಮುಂದಿನ ಕೆಲವು ತಿಂಗಳಲ್ಲಿ ಅದು ಅಂಗೈ ಅಗಲವಾಯಿತು. ಮುಂಭಾಗದ ಅಂಚಿನ ಪಟ್ಟಿ ಬಾಯಿ ಬಿಟ್ಟಿತು. ಇಣುಕಿ ನೋಡಿದರೆ ಒಳಗೆ ನೆನೆದು ಸಡಿಲವಾದ ಮರದ ಪುಡಿ. ಮನೆಗೆ ಬಂದಿದ್ದ ಅಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಮೇಲೆ ಚೆನ್ನಾಗೇ ಇದೆಯಲ್ಲೇ. ಒಳಗೆ ನೀರು ಕುಡಿದುಬಿಟ್ಟಿದೆ” ಎಂದರು.

ಆ ಮಾತು ನನ್ನ ತಲೆಯಲ್ಲಿ ತುಂಬಾ ದಿನ ಉಳಿಯಿತು. ಯಾಕೆಂದರೆ ಆ ಕಟ್ಟೆಯ ಮೇಲ್ಮೈಯನ್ನು ನಾನು ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿದ್ದೆ. ಅದರ ಮೇಲೆ ನೇರವಾಗಿ ಚಾಕು ಆಡಿಸಿರಲಿಲ್ಲ. ಬಿಸಿ ಪಾತ್ರೆ ಇಟ್ಟಿರಲಿಲ್ಲ. ಉಜ್ಜುವ ಪುಡಿ ಹಾಕಿರಲಿಲ್ಲ. ಕಟ್ಟೆ ಬಿಚ್ಚಿ ಹೊರಗೆ ಹಾಕಿದ ದಿನವೂ ಮೇಲ್ಮೈ ಹೊಸದರಂತೆಯೇ ಇತ್ತು. ಹಾಳಾದದ್ದು ನಾನು ಒಮ್ಮೆಯೂ ನೋಡದ ಜಾಗ. ಕೊಳ್ಳುವಾಗಲೂ ನೋಡಿರಲಿಲ್ಲ, ಬಳಸುವಾಗಲೂ ನೋಡಿರಲಿಲ್ಲ.

ಎರಡನೇ ಸಲವೂ ನಾನು ಲ್ಯಾಮಿನೇಟನ್ನೇ ಆರಿಸಿಕೊಂಡೆ. ಒಮ್ಮೆ ಏಟು ತಿಂದ ಮೇಲೂ ಅದೇ ಯಾಕೆ ಎಂದು ಹಲವರು ಕೇಳಿದರು. ದುಡ್ಡು ಕಡಿಮೆ ಇತ್ತು, ಅದು ಒಂದು ಕಾರಣ. ಕಲ್ಲಿನ ಕಟ್ಟೆಗಿಂತ ಇದು ಹಗುರ, ಕೆಳಗಿನ ಹಳೆಯ ಬೀರುಗಳಿಗೆ ಭಾರವಾಗುವುದಿಲ್ಲ. ಗಾಜಿನ ಲೋಟ ಕೈ ಜಾರಿದರೂ ಕಲ್ಲಿನ ಮೇಲೆ ಬಿದ್ದಷ್ಟು ಸುಲಭವಾಗಿ ಒಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಕಟ್ಟೆಯಲ್ಲಿ ತಪ್ಪಿದ್ದು ಲ್ಯಾಮಿನೇಟ್ ಅಲ್ಲ ಎನ್ನುವುದು ಅಷ್ಟರಲ್ಲಿ ನನಗೆ ಮನದಟ್ಟಾಗಿತ್ತು. ಅದನ್ನು ಮನದಟ್ಟು ಮಾಡಿಸಿದವರು ಹಳೆಯ ಕಟ್ಟೆ ಬಿಚ್ಚಲು ಬಂದ ವಯಸ್ಸಾದ ಬಡಗಿ. ಊದಿದ ತುಂಡನ್ನು ಕೈಯಲ್ಲಿ ಹಿಡಿದು ಅವರು ಹೇಳಿದ್ದು ಇಷ್ಟೇ: “ನೋಡೀಮ್ಮಾ, ಮೈಕಾ ಕೆಡೋದಿಲ್ಲ. ಅದರ ಹೊಟ್ಟೆ ಕೆಡುತ್ತೆ.”

ಬಡಗಿಗಳು ಲ್ಯಾಮಿನೇಟ್‌ಗೆ ಮೈಕಾ ಎಂದೇ ಹೇಳುತ್ತಾರೆ, ಅಲ್ವಾ? ಆ ಹೆಸರಿನ ಹಿಂದೆ ಒಂದು ಚೆಂದದ ಸಂಗತಿ ಇದೆ. ಮೈಕಾ ಅಂದರೆ ನಮ್ಮ ಕಾಗೆ ಬಂಗಾರ. ಪದರ ಪದರವಾಗಿ ಬಿಡಿಸಬಹುದಾದ, ಹೊಳೆಯುವ ಖನಿಜ. ವಿದ್ಯುತ್ ಯಂತ್ರಗಳಲ್ಲಿ ಕರೆಂಟ್ ಎಲ್ಲೆಂದರಲ್ಲಿ ಹರಿಯದಂತೆ ತಡೆಯಲು ಅದನ್ನು ಬಳಸುತ್ತಿದ್ದರು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಅದಕ್ಕೊಂದು ಬದಲಿ ಹುಡುಕಿದರು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಎನ್ನುವ ರಾಳವನ್ನು ತಯಾರಿಸಿದ್ದರು. ಅಂಥ ರಾಳದಲ್ಲಿ ನೆನೆಸಿದ ಪದರಗಳನ್ನು ಒತ್ತಿ, ಕಾಯಿಸಿ, ಗಟ್ಟಿ ಹಾಳೆ ಮಾಡಿದರು. ಮೈಕಾ ಬದಲಿಗೆ ಬಂದದ್ದು ಎನ್ನುವ ಅರ್ಥದಲ್ಲಿ ‘ಫಾರ್ ಮೈಕಾ’ ಎಂದು ಹೆಸರಾಯಿತು. 1913ರಲ್ಲಿ ಸಿನ್ಸಿನಾಟಿಯಲ್ಲಿ ಫಾರ್ಮೈಕಾ ಕಂಪನಿ ಶುರುವಾಯಿತು. ಯಂತ್ರದ ಹೊಟ್ಟೆಯಲ್ಲಿದ್ದ ವಸ್ತು ಅಡುಗೆಮನೆಗೆ ಬಂದದ್ದು ಆಮೇಲೆ. ಬಣ್ಣ ಮತ್ತು ಚಿತ್ತಾರ ಕಾಣುವಂತೆ ಮೇಲೆ ಮೆಲಮೈನ್ ರಾಳ ಹಾಕುವುದು 1930ರ ದಶಕದ ಕೊನೆಯ ಹೊತ್ತಿಗೆ ಸಾಧ್ಯವಾಯಿತು.

ಇದನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಾವು ಪ್ಲಾಸ್ಟಿಕ್ ಎಂದುಕೊಳ್ಳುವ ಈ ಹಾಳೆಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕಾಗದ. ಕೆಳಗೆ ಕಂದು ಬಣ್ಣದ ದಪ್ಪ ಕ್ರಾಫ್ಟ್ ಕಾಗದದ ಕೆಲವು ಪದರ, ಅವು ಬೇಕಲೈಟ್ ಥರದ ಫೀನಾಲಿಕ್ ರಾಳ ಕುಡಿದಿರುತ್ತವೆ. ಅದರ ಮೇಲೆ ಬಣ್ಣವೋ ಚಿತ್ತಾರವೋ ಮುದ್ರಿಸಿದ ಒಂದು ಕಾಗದ, ಅದು ಮೆಲಮೈನ್ ರಾಳ ಕುಡಿದಿರುತ್ತದೆ. ಸವೆತ ತಡೆಯಲು ಅದರ ಮೇಲೆ ಇನ್ನೊಂದು ತೆಳು ಪಾರದರ್ಶಕ ಪದರ ಇರುವುದೂ ಉಂಟು. ಇವನ್ನೆಲ್ಲ ಜೋಡಿಸಿ ಪ್ರೆಸ್‌ನಲ್ಲಿ ಇಡುತ್ತಾರೆ. ಹೈ ಪ್ರೆಷರ್ ಲ್ಯಾಮಿನೇಟ್ ಎಂದು ಕರೆಸಿಕೊಳ್ಳಬೇಕಾದರೆ ಯುರೋಪಿನ ಇಎನ್ 438 ಮಾನದಂಡದ ಪ್ರಕಾರ ಶಾಖ ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಇರಬೇಕು, ಒತ್ತಡ ಕನಿಷ್ಠ 5 ಮೆಗಾಪಾಸ್ಕಲ್ ಇರಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 50 ಪಟ್ಟು ಅದು. ಹೊರಬರುವ ಹಾಳೆ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಕಾಗದದ ನೆನಪೇ ಅದರಲ್ಲಿ ಉಳಿದಿರುವುದಿಲ್ಲ.

ಆದರೆ ಆ ಹಾಳೆಯ ದಪ್ಪ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಕಟ್ಟೆ 38 ಮಿಲಿಮೀಟರ್ ದಪ್ಪ ಇದ್ದರೆ ಉಳಿದ 37 ಮಿಲಿಮೀಟರ್ ಏನು? ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಮೊದಲ ಸಲ ನಾನು ಕೇಳಿರಲಿಲ್ಲ. ಅಂಗಡಿಯಲ್ಲಿ ಅಂಗೈ ಅಗಲದ ಬಣ್ಣದ ತುಂಡುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಇಟ್ಟರು. ಒಂದು ಮಧ್ಯಾಹ್ನ ಪೂರ್ತಿ ಬಣ್ಣ ಆರಿಸುವುದರಲ್ಲೇ ಕಳೆಯಿತು. ಒಳಗೆ ಏನಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಗ್ಗದ ಕಟ್ಟೆಗಳ ಹೊಟ್ಟೆಯಲ್ಲಿ ಇರುವುದು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನೊಂದಿಗೆ ಕಲಸಿ ಒತ್ತಿ ಮಾಡಿದ ಹಲಗೆ. ಅದನ್ನು ಕೀಳಾಗಿ ಮಾತಾಡುವವರು ತುಂಬಾ ಜನ. ನನಗೆ ಹಾಗನಿಸುವುದಿಲ್ಲ. ಅದು ಸಪಾಟಾಗಿರುತ್ತದೆ, ಗಟ್ಟಿ ಮರದ ಹಾಗೆ ಋತು ಬದಲಾದಾಗ ಸೊಟ್ಟಗಾಗುವುದಿಲ್ಲ, ಲ್ಯಾಮಿನೇಟ್ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಅದರ ಶತ್ರು ಒಂದೇ, ನೀರು. ಒತ್ತಿ ಕೂರಿಸಿದ ಮರದ ಚೂರುಗಳು ನೀರು ಸಿಕ್ಕರೆ ಹಿಗ್ಗುತ್ತವೆ. ಹಿಗ್ಗುವಾಗ ಅಂಟಿನ ಹಿಡಿತ ಬಿಡುತ್ತದೆ. ಒಣಗಿದ ಮೇಲೆ ಅವು ಮೊದಲಿನ ಜಾಗಕ್ಕೆ ಹಿಂದಿರುಗುವುದಿಲ್ಲ. ನನ್ನ ಕಟ್ಟೆಯ ಉಬ್ಬನ್ನು ಹೇರ್ ಡ್ರೈಯರ್‌ನಿಂದ ಒಣಗಿಸಿ, ಮೇಲೆ ಭಾರ ಹೇರಿ, ಏನೇನೋ ಮಾಡಿ ನೋಡಿದೆ. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಪಾರ್ಟಿಕಲ್ ಬೋರ್ಡ್‌ನಲ್ಲೂ ದರ್ಜೆಗಳಿವೆ. ಯುರೋಪಿನ ಇಎನ್ 312 ಮಾನದಂಡದಲ್ಲಿ ಪಿ2 ಎನ್ನುವುದು ಒಣ ಜಾಗದ ಪೀಠೋಪಕರಣಕ್ಕೆ, ಪಿ3 ಎನ್ನುವುದು ತೇವ ಇರುವ ಜಾಗಕ್ಕೆ. ತೇವ ತಡೆಯುವ ಹಲಗೆಯ ಒಳಗೆ ಹಲವು ಕಡೆ ಹಸಿರು ಬಣ್ಣ ಕಾಣುತ್ತದೆ. ಆ ಹಸಿರು ಗುರುತಿಗಾಗಿ ಹಾಕುವ ಬಣ್ಣ ಅಷ್ಟೇ. ತೇವ ತಡೆಯುವುದು ಅದರಲ್ಲಿರುವ ಅಂಟು ಮತ್ತು ಮೇಣ. ಹಸಿರು ಇದೆ ಎಂದು ನಂಬಿ ಕೊಳ್ಳುವ ಬದಲು ದರ್ಜೆ ಯಾವುದೆಂದು ಬಾಯಿ ಬಿಟ್ಟು ಕೇಳುವುದು ಒಳ್ಳೆಯದು. ಜೊತೆಗೆ ಫಾರ್ಮಾಲ್ಡಿಹೈಡ್ ಬಗ್ಗೆಯೂ ಕೇಳಿ. ಅಂಟಿನಿಂದ ಸ್ವಲ್ಪ ಸ್ವಲ್ಪವೇ ಹೊರಬರುವ ಆ ಅನಿಲಕ್ಕೆ ಮಿತಿ ಹಾಕಿರುವ ಇ1 ದರ್ಜೆಯಾದರೂ ಇರಲಿ. ಮನೆಯೊಳಗೆ ವರ್ಷಗಟ್ಟಲೆ ಇರುವ ವಸ್ತು ಅಲ್ವಾ.

ಬಡಗಿಯವರ ಮಾತು ಕೇಳಿದ ಮೇಲೆ ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ಈ ಬರಹ ಬರೆಯಲು ಕಾರಣವೇ ಆ ಪರೀಕ್ಷೆ.

ನಾಲ್ಕು ತುಂಡು ಕೇಳಿ ತಂದೆ. ಒಂದು ಮಾಮೂಲಿ ಪಾರ್ಟಿಕಲ್ ಬೋರ್ಡ್‌ನ ಕಟ್ಟೆಯದು, ಎರಡು ತೇವ ತಡೆಯುವ ಬೋರ್ಡ್‌ನವು, ಒಂದು ಪ್ಲೈವುಡ್ ಮೇಲೆ ಲ್ಯಾಮಿನೇಟ್ ಅಂಟಿಸಿದ್ದು. ಅಂಗಡಿಯವರಿಗೆ ಇವು ಕತ್ತರಿಸಿ ಉಳಿದ ಚೂರುಗಳು, ಸುಮ್ನೆ ಕೊಟ್ಟರು. ತೇವ ತಡೆಯುವ ಎರಡರಲ್ಲಿ ಒಂದರ ಕತ್ತರಿಸಿದ ಬದಿಗಳಿಗೆಲ್ಲ ಸಿಲಿಕಾನ್, ಅಂದರೆ ಸೀಳು ಮುಚ್ಚಲು ಟ್ಯೂಬ್‌ನಲ್ಲಿ ಬರುವ ಅಂಟು, ಬಳಿದು ಒಂದು ದಿನ ಒಣಗಲು ಬಿಟ್ಟೆ. ನಾಲ್ಕರ ದಪ್ಪವನ್ನೂ ಅಳೆದು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಇಟ್ಟು ಮಲಗಿದೆ.

ಬೆಳಿಗ್ಗೆ ಮಾಮೂಲಿ ತುಂಡು ಅಂಚಿನಲ್ಲಿ ಅಣಬೆಯ ಹಾಗೆ ಅರಳಿತ್ತು. ಮೂಲೆ ಹಿಡಿದು ತಿರುಚಿದರೆ ಪುಡಿ ಉದುರಿತು. ಮೇಲಿನ ಲ್ಯಾಮಿನೇಟ್ ಮಾತ್ರ ಹಾಗೇ ಹೊಳೆಯುತ್ತಿತ್ತು. ತೇವ ತಡೆಯುವ ಬೋರ್ಡ್ ಸ್ವಲ್ಪ ಊದಿತ್ತು, ಆದರೆ ಗಟ್ಟಿಯಾಗಿತ್ತು. ಪ್ಲೈವುಡ್ ಅಷ್ಟೇನೂ ಬದಲಾಗಿರಲಿಲ್ಲ. ಸಿಲಿಕಾನ್ ಬಳಿದ ತುಂಡನ್ನು ಅಳೆದೆ. ಪೆನ್ಸಿಲ್ ಗುರುತಿಗೂ ಈಗಿನ ದಪ್ಪಕ್ಕೂ ವ್ಯತ್ಯಾಸ ಕಾಣಲಿಲ್ಲ.

ನಾಲ್ಕನ್ನೂ ಮತ್ತೆ ಬಕೆಟ್‌ಗೆ ಹಾಕಿದೆ. ಮೂರನೇ ದಿನದ ಹೊತ್ತಿಗೆ ಬದಿ ಮುಚ್ಚದ ತೇವ ತಡೆಯುವ ಬೋರ್ಡ್ ಕೂಡ ಕಣ್ಣಿಗೆ ಕಾಣುವಷ್ಟು ಊದಿತ್ತು. ಅಂದರೆ ಅದು ನೀರನ್ನು ತಡೆದು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಚೆಲ್ಲಿದ ನೀರನ್ನು ನಾವು ಒರೆಸುವ ತನಕ ಕಾಯುವಷ್ಟು ಶಕ್ತಿ ಅದಕ್ಕಿದೆ. ವರ್ಷಗಟ್ಟಲೆ ಒಂದೇ ಸೀಳಿನಲ್ಲಿ ಜಿನುಗುವ ನೀರನ್ನು ಅದೂ ತಾಳುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಸಿಂಕ್‌ನ ಅಂಚಿನಲ್ಲಿ ಆ ಮಾತು ಅಕ್ಷರಕ್ಕೆ ಅಕ್ಷರ ನಿಜ.

ಆ ಬಕೆಟ್ ನೋಡಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಕಡಿಮೆ ದುಡ್ಡಿನಲ್ಲಿ ಬಾಳಿಕೆ ಬರುವ ಕಟ್ಟೆ ಬೇಕಾದರೆ ದುಡ್ಡನ್ನು ಮೇಲ್ಮೈಗೆ ಸುರಿಯಬಾರದು. ಹೊಟ್ಟೆಗೆ, ಅಂಚಿಗೆ, ಕೂರಿಸುವವರ ಕೈಗೆ ಕೊಡಬೇಕು. ಕಲ್ಲಿನ ಹಾಗೆಯೇ ಕಾಣುವ, ಮುಟ್ಟಿದರೆ ಮರದ ಎಳೆಯ ಹಾಗಿರುವ ದುಬಾರಿ ಹಾಳೆಗಳಿವೆ. ಚೆನ್ನಾಗಿವೆ, ಇಲ್ಲ ಎನ್ನುವುದಿಲ್ಲ. ಆದರೆ ಅದೇ ಕಂಪನಿಯ ಸರಳ ಬಣ್ಣದ ಹಾಳೆ ಬಾಳಿಕೆಯಲ್ಲಿ ಅದಕ್ಕೆ ಕಡಿಮೆಯೇನಲ್ಲ. ನಾನು ಸಾದಾ ಹಾಳೆ ತೆಗೆದುಕೊಂಡು, ಅಲ್ಲಿ ಉಳಿದದ್ದನ್ನು ಒಳಗಿನ ಹಲಗೆಗೆ ಮತ್ತು ಅಂಚಿಗೆ ಹಾಕಿದೆ.

ಒಂದು ವಿಷಯದಲ್ಲಿ ಮಾತ್ರ ಮೇಲ್ಮೈಯಲ್ಲೂ ಎಚ್ಚರ ಬೇಕು. ಎರಡು ಥರದ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ. ಹೈ ಪ್ರೆಷರ್ ಲ್ಯಾಮಿನೇಟ್‌ನಲ್ಲಿ ಮೊದಲು ಹಾಳೆ ತಯಾರಾಗುತ್ತದೆ, ಆಮೇಲೆ ಹಲಗೆಗೆ ಅಂಟಿಸುತ್ತಾರೆ. ಇನ್ನೊಂದರಲ್ಲಿ ಮೆಲಮೈನ್ ಕುಡಿದ ಒಂದೇ ಕಾಗದವನ್ನು ನೇರವಾಗಿ ಹಲಗೆಯ ಮೇಲಿಟ್ಟು ಒತ್ತುತ್ತಾರೆ. ಕೆಳಗೆ ಕ್ರಾಫ್ಟ್ ಕಾಗದದ ಪದರಗಳೇ ಇರುವುದಿಲ್ಲ. ಬೀರುವಿನ ಬಾಗಿಲಿಗೆ, ಒಳಗಿನ ಅಡ್ಡಹಲಗೆಗಳಿಗೆ ಅದು ಸಾಕು. ಕಟ್ಟೆಗೆ ಸಾಲದು. ಪಾತ್ರೆ ಕೈಜಾರಿ ಬಿದ್ದರೆ ಮೊದಲನೆಯದು ತಾಳುವ ಏಟಿಗೆ ಎರಡನೆಯದು ಕುಳಿ ಬೀಳುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಕತ್ತರಿಸಿದ ಬದಿಯನ್ನು ನೋಡಬೇಕು. ಬಣ್ಣದ ಕೆಳಗೆ ಕಂದು ಗೆರೆ ಒಂದು ತೆಳುವಾಗಿ ಕಂಡರೆ ಅದು ಹೈ ಪ್ರೆಷರ್ ಹಾಳೆ.

ಕತ್ತರಿಸಿದ ಬದಿ ನೋಡುವಾಗಲೇ ಕೆಳಗೂ ಒಮ್ಮೆ ನೋಡಿ. ಒಳ್ಳೆಯ ಕಟ್ಟೆಯ ಅಡಿಯಲ್ಲೂ ಒಂದು ಹಾಳೆ ಅಂಟಿಸಿರುತ್ತಾರೆ. ಅದನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಉಳಿತಾಯ ಮಾಡುವವರು ಮೊದಲು ಬಿಡುವುದು ಅದನ್ನೇ. ಲ್ಯಾಮಿನೇಟ್ ಕಾಗದದಿಂದ ಆದದ್ದು ಎಂದೆನಲ್ಲ, ಗಾಳಿಯ ತೇವ ಹೆಚ್ಚು ಕಡಿಮೆ ಆದಾಗ ಅದು ಒಂದಿಷ್ಟು ಹಿಗ್ಗಿ ಕುಗ್ಗುತ್ತದೆ. ಮೇಲೆ ಮಾತ್ರ ಹಾಳೆ ಇದ್ದರೆ ಹಲಗೆಯನ್ನು ಒಂದೇ ಕಡೆಯಿಂದ ಎಳೆದಂತಾಗಿ ಕಟ್ಟೆ ಬಾಗುತ್ತದೆ. ಎರಡೂ ಕಡೆ ಇದ್ದರೆ ಎಳೆತ ಸಮವಾಗುತ್ತದೆ. ಕೆಳಗಿನಿಂದ ಏಳುವ ತೇವಕ್ಕೂ ಅದು ತಡೆ.

ಈಗ ಅಂಚು.

ಕಟ್ಟೆಯ ಮುಂಭಾಗದ ಅಂಚು ಎರಡು ಥರ ಇರುತ್ತದೆ. ಒಂದರಲ್ಲಿ ಮೇಲಿನ ಹಾಳೆಯನ್ನೇ ಬಿಸಿ ಮಾಡಿ ಮುಂದಕ್ಕೆ ಬಗ್ಗಿಸಿ ಕೆಳಗಿನವರೆಗೆ ತಂದಿರುತ್ತಾರೆ. ಪೋಸ್ಟ್‌ಫಾರ್ಮ್ ಎನ್ನುತ್ತಾರೆ. ದುಂಡಗಿನ ಮೂಗು, ಎಲ್ಲೂ ಸೀಳಿಲ್ಲ. ಇನ್ನೊಂದು ಚೌಕ ಅಂಚು. ಅಲ್ಲಿ ಮೇಲಿನ ಹಾಳೆ ಮುಗಿಯುವ ಕಡೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರೆ. ಚೌಕ ಅಂಚು ನೋಡಲು ಅಚ್ಚುಕಟ್ಟು, ಈಗ ಹೆಚ್ಚಿನವರು ಕೇಳುವುದೂ ಅದನ್ನೇ. ನನ್ನ ಮೊದಲ ಕಟ್ಟೆಯೂ ಅದೇ. ಆದರೆ ಅಲ್ಲಿ ಒಂದು ಸೀಳು ಇದೆ, ಅದೂ ಸಿಂಕ್‌ನಿಂದ ನೀರು ಹರಿದು ಬರುವ ದಾರಿಯಲ್ಲೇ ಇದೆ. ದುಡ್ಡು ಕಡಿಮೆ ಇರುವವರಿಗೆ ನನ್ನ ಸಲಹೆ ದುಂಡು ಅಂಚು. ಹಳೆಯ ಕಾಲದ್ದು ಎಂದು ಯಾರಾದರೂ ಹೇಳಿದರೆ ಹೇಳಲಿ.

ಚೌಕವೇ ಬೇಕು ಎನ್ನುವವರು ಅಂಟು ಯಾವುದೆಂದು ಕೇಳಬೇಕು. ಅಂಚುಪಟ್ಟಿಗೆ ಮಾಮೂಲಿಯಾಗಿ ಬಳಸುವ ಇವಿಎ ಅಂಟು ಬಿಸಿ ಮಾಡಿದರೆ ಕರಗಿ ಆರಿದರೆ ಗಟ್ಟಿಯಾಗುವಂಥದ್ದು. ಮತ್ತೆ ಬಿಸಿ ತಗುಲಿದರೆ ಮೆದುವಾಗುತ್ತದೆ. ಪಿಯುಆರ್ ಅಂಟು ಹಾಗಲ್ಲ. ಗಾಳಿಯ ತೇವ ಹೀರಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ನೀರಿಗೂ ಬಗ್ಗುವುದಿಲ್ಲ. ಕಣ್ಣಿಗೆ ಎರಡರ ನಡುವೆ ಏನೂ ವ್ಯತ್ಯಾಸ ಕಾಣದು. ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಯಂತ್ರ ಇರುವ ಮನೆಯಲ್ಲಂತೂ ಇದು ತುಂಬಾ ಮುಖ್ಯ. ಯಂತ್ರದ ಬಾಗಿಲು ತೆರೆದಾಗ ಬಿಸಿ ಹಬೆ ನೇರವಾಗಿ ಕಟ್ಟೆಯ ಮೂಗಿನ ಕೆಳಗೆ ಹೋಗಿ ಬಡಿಯುತ್ತದೆ. ಅಲ್ಲಿ ಕಟ್ಟೆಯ ಕೆಳಭಾಗಕ್ಕೆ ಹಬೆ ತಡೆಯುವ ಫಾಯಿಲ್ ಪಟ್ಟಿ ಅಂಟಿಸಬಹುದು. ಸಣ್ಣ ಕೆಲಸ, ಆದರೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಸಿಂಕ್‌ಗಾಗಿ ಕತ್ತರಿಸುವ ತೂತು ಅಂಚಿಗಿಂತಲೂ ಅಪಾಯದ ಜಾಗ. ಕಾರ್ಖಾನೆಯಲ್ಲಿ ಎಲ್ಲ ಬದಿ ಮುಚ್ಚಿ ಕಳಿಸಿದ ಕಟ್ಟೆಯ ನಟ್ಟನಡುವೆ ನಾವೇ ಗರಗಸ ಹಾಕಿ ಅದರ ಹೊಟ್ಟೆ ತೆರೆಯುತ್ತೇವೆ, ಅದೂ ನೀರು ಜಾಸ್ತಿ ಬೀಳುವ ಕಡೆಯಲ್ಲೇ. ಹಳೆಯ ಕಟ್ಟೆ ಬಿಚ್ಚಿದಾಗ ನೋಡಿದೆವು, ಆ ಕತ್ತರಿಸಿದ ಬದಿಗೆ ಯಾರೂ ಏನೂ ಬಳಿದಿರಲಿಲ್ಲ. ಬೋಳು ಪಾರ್ಟಿಕಲ್ ಬೋರ್ಡ್. ಸಿಂಕ್‌ನ ಅಂಚು ಮುಚ್ಚಿಕೊಳ್ಳುವುದರಿಂದ ಕಾಣುವುದಿಲ್ಲ, ಅದಕ್ಕೇ ಬಿಟ್ಟಿದ್ದರು. ಕೂರಿಸಿದವರಿಗೆ ಅಲ್ಲಿ ಉಳಿದದ್ದು ಹತ್ತು ನಿಮಿಷ.

ಹಾಗಾಗಿ ಎರಡನೇ ಸಲ ಆ ಹತ್ತು ನಿಮಿಷ ನಾನು ಪಕ್ಕದಲ್ಲೇ ನಿಂತೆ. ಬಡಗಿಯವರು ಬೇಸರ ಮಾಡಿಕೊಳ್ಳಲಿಲ್ಲ. ತೂತು ಕೊರೆದ ಮೇಲೆ ಪುಡಿಯೆಲ್ಲ ಬ್ರಷ್‌ನಲ್ಲಿ ತೆಗೆದರು. ಬದಿಗೆ ಪೂರ್ತಿ ಸಿಲಿಕಾನ್ ಹಾಕಿ, ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ನಲ್ಲಿಯ ಪೈಪ್ ಹೋಗುವ ಸಣ್ಣ ತೂತನ್ನೂ ಬಿಡಲಿಲ್ಲ. “ಇದನ್ನೇ ಎಲ್ಲರೂ ಮರೆಯೋದು” ಎಂದರು. ತೂತಿನ ನಾಲ್ಕು ಮೂಲೆಗಳನ್ನು ಚೂಪಾಗಿ ಕತ್ತರಿಸದೆ ದುಂಡಗೆ ತಿರುಗಿಸಿದ್ದರು. ಒಳಮೂಲೆ ಚೂಪಾಗಿದ್ದರೆ ಎಳೆತವೆಲ್ಲ ಆ ಒಂದು ಬಿಂದುವಿನಲ್ಲಿ ಸೇರಿ, ಅಲ್ಲಿಂದಲೇ ಲ್ಯಾಮಿನೇಟ್ ಬಿರುಕು ಬಿಡುತ್ತದಂತೆ. ಬಟ್ಟೆಯ ಮೇಲೆ ಸಣ್ಣದೊಂದು ಕತ್ತರಿ ಗುರುತು ಮಾಡಿ ಎಳೆದರೆ ಹರಿದುಕೊಂಡು ಹೋಗುತ್ತದಲ್ಲ, ಹಾಗೆ.

ಕಟ್ಟೆಯ ಕೆಳಗಿನಿಂದ ಕೂರಿಸುವ ಸಿಂಕ್ ಈಗ ಎಲ್ಲರಿಗೂ ಇಷ್ಟ. ಪಾರ್ಟಿಕಲ್ ಬೋರ್ಡ್ ಇರುವ ಲ್ಯಾಮಿನೇಟ್ ಕಟ್ಟೆಗೆ ಅದು ಬೇಡವೇ ಬೇಡ. ಕತ್ತರಿಸಿದ ಬದಿ ಪೂರ್ತಿ ನೀರಿಗೆ ತೆರೆದುಕೊಂಡಿರುತ್ತದೆ. ಮೇಲಿನಿಂದ ಕೂತು ಬದಿಯನ್ನು ಮುಚ್ಚುವ ಸಿಂಕ್ ಸರಿ. ಕೆಳಗಿನದೇ ಬೇಕೆಂದರೆ ಕಾಂಪ್ಯಾಕ್ಟ್ ಲ್ಯಾಮಿನೇಟ್ ಇದೆ. ಅದರಲ್ಲಿ ಬೇರೆ ಹಲಗೆಯೇ ಇಲ್ಲ, ಪದರಗಳನ್ನೇ ಪೇರಿಸಿ ಒತ್ತಿ 12 ಮಿಲಿಮೀಟರ್ ಆಸುಪಾಸಿನ ಗಟ್ಟಿ ಹಾಳೆ ಮಾಡಿರುತ್ತಾರೆ. ಊದುವ ಹೊಟ್ಟೆಯೇ ಅದಕ್ಕಿಲ್ಲ. ಆದರೆ ತೂಕ ಜಾಸ್ತಿ, ಕತ್ತರಿಸಲು ಗಟ್ಟಿ ಬ್ಲೇಡ್ ಬೇಕು, ದುಡ್ಡೂ ಹೆಚ್ಚು. ನನ್ನ ಕೈಗೆ ಅದು ಎಟುಕಲಿಲ್ಲ.

ಎಲ್ ಆಕಾರದ ಕಟ್ಟೆಯಿದ್ದರೆ ಎರಡು ತುಂಡು ಸೇರುವ ಕಡೆ ಇನ್ನೊಂದು ಸೀಳು ಹುಟ್ಟುತ್ತದೆ. ಮರ ಕೊರೆಯುವ ರೂಟರ್ ಯಂತ್ರದಲ್ಲಿ ಅಚ್ಚು ಇಟ್ಟು ಕೊರೆದು, ಬದಿಗೆ ನೀರು ತಡೆಯುವ ಅಂಟು ಹಾಕಿ, ಅಡಿಯಿಂದ ಬೋಲ್ಟ್ ಬಿಗಿದು ಎಳೆದು ಸೇರಿಸುತ್ತಾರೆ. ಚೆನ್ನಾಗಿ ಮಾಡಿದರೆ ಉಗುರು ಆಡಿಸಿದರೂ ತಗಲುವುದಿಲ್ಲ. ಆ ಸೇರುವೆ ಸಿಂಕ್ ಪಕ್ಕಕ್ಕೆ ಬರದಂತೆ ಮೊದಲೇ ಕಾಗದದ ಮೇಲೆ ಗೆರೆ ಎಳೆದು ನೋಡಿಕೊಳ್ಳಿ. ಒಲೆಯ ಪಕ್ಕಕ್ಕೂ ಬೇಡ. ನಾನು ಇದೊಂದಕ್ಕಾಗಿ ಸಿಂಕನ್ನೇ ಒಂದು ಅಡಿ ಆಚೆ ಸರಿಸಿದೆ. ಪೈಪ್ ಕೆಲಸ ಸ್ವಲ್ಪ ಹೆಚ್ಚಾಯಿತು, ಪರವಾಗಿಲ್ಲ ಅನ್ನಿಸಿತು.

ಬಿಸಿಯ ಬಗ್ಗೆ ಜನಕ್ಕೆ ಭಯ ಜಾಸ್ತಿ. ಬಿಸಿ ನೀರು ಚೆಲ್ಲಿದರೆ, ಚಹಾದ ಲೋಟ ಇಟ್ಟರೆ ಲ್ಯಾಮಿನೇಟ್‌ಗೆ ಏನೂ ಆಗುವುದಿಲ್ಲ. ಕಾದ ಎಣ್ಣೆಯ ಬಾಣಲೆ ಬೇರೆ ಮಾತು. ಎಣ್ಣೆ ನೀರಿನ ಹಾಗೆ 100 ಡಿಗ್ರಿಗೆ ನಿಲ್ಲುವುದಿಲ್ಲ, 200 ಡಿಗ್ರಿಯ ಹತ್ತಿರಕ್ಕೂ ಹೋಗುತ್ತದೆ. ಆ ಬಾಣಲೆಯನ್ನು ಇಟ್ಟರೆ ಹಾಳೆ ಗುಳ್ಳೆ ಏಳಬಹುದು, ಬಣ್ಣ ಸುಡಬಹುದು, ಅದಕ್ಕೆ ರಿಪೇರಿ ಇಲ್ಲ. ಮರದ ಕಟ್ಟೆಯನ್ನು ಉಜ್ಜಿ ಹೊಸದು ಮಾಡಬಹುದು. ಲ್ಯಾಮಿನೇಟ್‌ನಲ್ಲಿ ಚಿತ್ತಾರ ಇರುವುದೇ ಒಂದು ಕಾಗದದ ಮೇಲೆ, ಉಜ್ಜಿದರೆ ಅದೇ ಹೋಗುತ್ತದೆ. ಒಲೆಯ ಪಕ್ಕದಲ್ಲಿ ಯಾವಾಗಲೂ ಒಂದು ಸಿಂಬೆಯೋ ಮರದ ಮಣೆಯೋ ಇರಲಿ. ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಜಾಗ, ಯಾರೂ ಅಲ್ಲಿಂದ ಎತ್ತುವುದಿಲ್ಲ.

ಬಣ್ಣದ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಬಣ್ಣವೂ ಬಾಳಿಕೆಯ ವಿಷಯವೇ. ಕಡುಕಪ್ಪು ಹೊಳಪಿನ ಕಟ್ಟೆ ಅಂಗಡಿಯ ದೀಪದಲ್ಲಿ ಕನ್ನಡಿಯ ಹಾಗೆ ಕಾಣುತ್ತದೆ. ಮನೆಗೆ ತಂದ ಮೇಲೆ ಪ್ರತಿ ಗೀರೂ ಬಿಳಿ ಎಳೆಯಾಗಿ ಕಾಣುತ್ತದೆ, ಪ್ರತಿ ಬೆರಳಚ್ಚೂ ಕಾಣುತ್ತದೆ. ಅಚ್ಚ ಬಿಳಿಯಲ್ಲಿ ಕಲೆ ಎದ್ದು ಕಾಣುತ್ತದೆ. ನಡುವಿನ ಬಣ್ಣ, ಮಂಕು ಹೊಳಪು, ಸಣ್ಣ ಸಣ್ಣ ಚುಕ್ಕೆಗಳ ಚಿತ್ತಾರ, ಕೈಗೆ ತಿಳಿಯುವಷ್ಟು ಮಾತ್ರ ತರಿ. ಹೀಗಿದ್ದರೆ ಐದು ವರ್ಷದ ಬಳಕೆ ಮೇಲ್ಮೈಯಲ್ಲಿ ಕಾಣುವುದೇ ಇಲ್ಲ. ತರಿ ತುಂಬಾ ಆಳವಾಗಿದ್ದರೆ ಅದರಲ್ಲಿ ಹಿಟ್ಟು, ಜಿಡ್ಡು ಕೂತು ತೊಳೆಯುವುದು ಕಷ್ಟ.

ಅಂಗೈ ಅಗಲದ ತುಂಡು ನೋಡಿ ಬಣ್ಣ ಆರಿಸಬೇಡಿ. ಚಿತ್ತಾರವನ್ನು ಉರುಳೆಯಿಂದ ಮುದ್ರಿಸುವುದರಿಂದ ಒಂದು ಅಳತೆಯಾದ ಮೇಲೆ ಅದು ಮತ್ತೆ ಮೊದಲಿನಿಂದ ಬರುತ್ತದೆ. ಮರದ ಒಂದು ಗಂಟು ಸಣ್ಣ ತುಂಡಿನಲ್ಲಿ ಸೊಗಸಾಗಿರುತ್ತದೆ. ಅದೇ ಗಂಟು ಉದ್ದದ ಕಟ್ಟೆಯಲ್ಲಿ ಮೂರು ಸಲ ಬಂದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ದೊಡ್ಡ ಹಾಳೆ ಬಿಡಿಸಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಮೇಲೆ ತುಂಡೊಂದನ್ನು ಮನೆಗೆ ತಂದು ಒಂದು ವಾರ ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ಬೆಳಗಿನ ಬೆಳಕಿನಲ್ಲಿ ನೋಡಿ, ರಾತ್ರಿ ದೀಪದಲ್ಲಿ ನೋಡಿ. ಅದರ ಮೇಲೆ ಕಾಫಿ ಚೆಲ್ಲಿ ರಾತ್ರಿಯಿಡೀ ಬಿಡಿ. ಕೀಲಿಕೈಯಿಂದ ಗೀರಿ ನೋಡಿ. ಕಟ್ಟೆಗೆ ಮಾಡಲು ಮನಸ್ಸು ಬಾರದ್ದನ್ನೆಲ್ಲ ಆ ತುಂಡಿಗೆ ಮಾಡಿ.

ಕೂರಿಸುವ ದಿನದ ಬಗ್ಗೆ ಎರಡು ಮಾತು. ಕಟ್ಟೆ ಬಂದ ತಕ್ಷಣ ಕೂರಿಸಬೇಡಿ. ಒಂದೆರಡು ದಿನ ಅದೇ ಕೋಣೆಯಲ್ಲಿ ಸಪಾಟಾಗಿ ಮಲಗಿಸಿಡಿ, ಅಲ್ಲಿನ ಹವೆಗೆ ಹೊಂದಿಕೊಳ್ಳಲಿ. ಗೋಡೆ ಸೇರುವ ಕಡೆಯೂ ಸಿಲಿಕಾನ್ ಗೆರೆ ಇರಲೇಬೇಕು, ಅದು ಶಿಲೀಂಧ್ರ ಹಿಡಿಯದ ಥರದ್ದಾಗಿರಲಿ. ಕೂರಿಸಿದ ಮೇಲೆ ಸಿಲಿಕಾನ್ ಪೂರ್ತಿ ಗಟ್ಟಿಯಾಗುವ ತನಕ ಒಂದು ದಿನ ಸಿಂಕ್ ಬಳಸದೆ ಇರಿ. ಹೊಸ ಅಡುಗೆಮನೆಯಲ್ಲಿ ಆ ಒಂದು ದಿನ ಕಾಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಾವು ಸ್ನಾನದ ಮನೆಯಲ್ಲಿ ಪಾತ್ರೆ ತೊಳೆದೆವು.

ಆಮೇಲಿನ ಆರೈಕೆ ದೊಡ್ಡದೇನಲ್ಲ. ಮೆತ್ತನೆಯ ಬಟ್ಟೆ, ಸೋಪಿನ ನೀರು. ಕಬ್ಬಿಣದ ನಾರು, ಉಜ್ಜುವ ಪುಡಿ, ಉಪ್ಪು ನೀರಿನ ಕಲೆ ತೆಗೆಯುವ ಆಸಿಡ್ ಯಾವುದೂ ಬೇಡ. ಹಟ ಹಿಡಿದ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಜ್ಜದೆ ಒರೆಸಿದರೆ ಹೆಚ್ಚಾಗಿ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಅಂಚಿನ ಮೇಲೆ ನೇತುಹಾಕುವ ಅಭ್ಯಾಸ ನನಗಿತ್ತು. ಮೊದಲ ಕಟ್ಟೆಯ ಉಬ್ಬು ಶುರುವಾದದ್ದು ಸರಿಯಾಗಿ ಆ ಬಟ್ಟೆ ತೂಗುತ್ತಿದ್ದ ಜಾಗದಲ್ಲಿ. ಈಗ ಅದಕ್ಕೆ ಗೋಡೆಯಲ್ಲಿ ಒಂದು ಮೊಳೆ ಇದೆ.

ಈ ಎರಡನೇ ಕಟ್ಟೆಗೆ ಈಗ ಏಳು ವರ್ಷ. ಬಂದವರು ಅದರ ಬಣ್ಣದ ಬಗ್ಗೆ ಏನೂ ಹೇಳುವುದಿಲ್ಲ, ಹೇಳುವಂಥ ಬಣ್ಣವೂ ಅಲ್ಲ. ಮಳೆಯ ಮೋಡದ ಹಾಗೆ ಬೂದು, ನಡುನಡುವೆ ಮರಳಿನಂಥ ಚುಕ್ಕೆ. ಅಮ್ಮ ಬಂದಾಗಲೆಲ್ಲ ಸಿಂಕ್‌ನ ಮುಂದಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಕಳೆದ ಸಲವೂ ಒತ್ತಿದರು, ತಲೆಯಾಡಿಸಿ ಸುಮ್ಮನಾದರು.

ನಾನೂ ಆಗಾಗ ಟಾರ್ಚ್ ಹಿಡಿದು ಸಿಂಕ್‌ನ ಕೆಳಗೆ ತಲೆ ಹಾಕಿ, ಕತ್ತರಿಸಿದ ಬದಿಯ ಸುತ್ತ ಬೆರಳಾಡಿಸುತ್ತೇನೆ. ಒಣಗಿದೆ. ಮೇಲೆ ನಲ್ಲಿಯ ಹಿಂದೆ ಮಾತ್ರ ಸಿಲಿಕಾನ್ ಗೆರೆ ಒಂದು ಕಡೆ ಕಪ್ಪಾಗಿ ಸಣ್ಣಗೆ ಬಿಟ್ಟುಕೊಂಡಿದೆ. ಒಂದು ಅಕ್ಕಿ ಕಾಳಿನಷ್ಟು. ಹೊಸ ಟ್ಯೂಬ್ ತಂದಿಟ್ಟಿದ್ದೇನೆ. ಭಾನುವಾರ ಹಳೆಯದನ್ನು ಕೆತ್ತಿ ತೆಗೆದು, ಚೆನ್ನಾಗಿ ಒಣಗಿಸಿ, ಹೊಸ ಗೆರೆ ಎಳೆಯಬೇಕು.